ಕೆರೆದಂಡೆ ಉಳಿಸಿಕೊಟ್ಟ ಡ್ರಿಲ್ ಅಕ್ಕೋರು

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಭಾಲ್ಕಿಯ ಬೀದಿಯಲ್ಲಿ ನಡೆಯುತ್ತಿದ್ದ ಹೆಂಗಸು ಆಗ ಅವರೊಬ್ಬರೇ. ಅವರು ನಮ್ಮ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಡ್ರಿಲ್ ಅಕ್ಕೋರು. ಯಾರಾದರೂ ಸಾಕಾಯಿತೆಂದು ಕೂತರೆ, "ಕಾಲು ದಣದಾವ, ನೀ ದಣದಿಲ್ಲ, ಏಳು" ಎನ್ನುತ್ತಿದ್ದರು. ಶಾಲೆಗೆ ಮೈದಾನವಿರಲಿಲ್ಲ. ಊರಾಚೆಯ ಕೆರೆದಂಡೆಯ ವಿಹಾರಧಾಮದಲ್ಲೇ ನಮ್ಮ ಓಟ. ಭಾನುವಾರ ಜನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದರು. ಆಚೆಯ ಹುಲ್ಲುಗಾವಲಿನಲ್ಲಿ ಚಿಗರಿಗಳ, ಎಂದರೆ ಕೃಷ್ಣಮೃಗಗಳ, ಹಿಂಡು ಮೇಯುತ್ತಿತ್ತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಅರ್ಧ ಓಣಿ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಯಿತು. ನನ್ನ ಅಪ್ಪ ಅವ್ವನೂ ಹೋದರು. ಅಜ್ಜಿಯರ ಬಳಿ ಉಳಿದ ನಮ್ಮಂಥ ಹುಡುಗಿಯರನ್ನು ಅಕ್ಕೋರು ದಿನಾ ಸಂಜೆ ದಂಡೆಗೆ ಕರೆದೊಯ್ದು ಓಡಿಸಿ, ಶೇಂಗಾ ಬೆಲ್ಲ ಕೊಡುತ್ತಿದ್ದರು. ಆ ಸಂಜೆಗಳಿಲ್ಲದಿದ್ದರೆ ನಾನು ಶಾಲೆ ಬಿಟ್ಟಿರುತ್ತಿದ್ದೆ.

ಆಗಲೇ ಸುದ್ದಿ ಬಂತು: ಚಿಗರಿಗಳ ಸಲುವಾಗಿ ಹುಲ್ಲುಗಾವಲು, ವಿಹಾರಧಾಮ ಎರಡನ್ನೂ ಸೇರಿಸಿ ರಾಷ್ಟ್ರೀಯ ಉದ್ಯಾನ ಮಾಡುತ್ತಾರಂತೆ, ಸುತ್ತ ಬೇಲಿಯಂತೆ, ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿಲ್ಲವಂತೆ. ಊರು ಸಿಟ್ಟಿಗೆದ್ದಿತು. ಅಕ್ಕೋರೇ ಮುಂದೆ ನಿಂತರು. ಆದರೆ ಊರಿನ ಸಭೆಯಲ್ಲಿ ಕೆಲವರು, ನಾಯಿ ಬಿಟ್ಟು ಚಿಗರಿಗಳನ್ನೇ ಓಡಿಸೋಣ, ಅವಿಲ್ಲದಿದ್ದರೆ ಉದ್ಯಾನದ ಮಾತೇ ಏಳುವುದಿಲ್ಲ ಎಂದರು. ಬಹಳ ಮಂದಿ ಹೂಂಗುಟ್ಟಿದರು. ಅಕ್ಕೋರು ಎದ್ದರು.

"ಈ ಬರದಾಗೂ ನಮ್ಮ ಕೆರಿ ನಂಬಿ ಇದ್ದಾವ್ರಿ ಅವು. ಅವನ್ನ ಓಡಸೋದಿದ್ರ ನಾ ನಿಮ್ಮ ಜೋಡಿ ಇಲ್ರಿ."

ಸರ್ಕಾರದ ಕಡೆಯವಳು ಎಂದು ಯಾರೋ ಗೊಣಗಿದರು. ಕೆಲವರು ಮಾತು ಬಿಟ್ಟರು. ಅಂಥವರ ಮನೆಗೇ ಅಕ್ಕೋರು ಹೋಗಿ ಚಹಾ ಕೇಳಿ ಕುಡಿದು ಕೂತರು. ನಾಯಿ ಬಿಡುವ ಮಾತು ನಿಧಾನಕ್ಕೆ ತಣ್ಣಗಾಯಿತು.

ಬೀದರಿನಿಂದ ಅಧಿಕಾರಿಗಳು ಅಹವಾಲು ಕೇಳಲು ಬಂದಾಗ ಅಕ್ಕೋರು ಕೇಳಿದ್ದು ಇಷ್ಟೇ: ಹುಲ್ಲುಗಾವಲು ಚಿಗರಿಗಳಿಗಿರಲಿ, ದಂಡೆ ಊರಿಗಿರಲಿ. ಜನ ಬಂದರೆ ಪ್ರಾಣಿ ಬೆದರುವುದಿಲ್ಲವೇ ಎಂದರು ಸಾಹೇಬರು.

"ಇಷ್ಟು ವರ್ಷ ಒಂದೇ ಕೆರಿ ನೀರು ಕುಡದೇವ್ರಿ. ಸಂಜಿಮುಂದ ನೀವೇ ಬಂದು ನೋಡ್ರಿ."

ಸಾಹೇಬರು ಬಂದರು. ನಾವು ಓಡುತ್ತಿದ್ದೆವು. ಆಚೆ ಚಿಗರಿಗಳು ತಲೆಯೆತ್ತಿ ನೋಡಿ, ಮತ್ತೆ ಮೇಯತೊಡಗಿದವು. ಸಾಹೇಬರು ಹೊತ್ತು ಮುಳುಗುವವರೆಗೆ ಅಲ್ಲೇ ನಿಂತಿದ್ದರು. ಮುಂದಿನ ವರ್ಷ ಹುಲ್ಲುಗಾವಲನ್ನು ಚಿಗರಿಗಳಿಗೆ ಮೀಸಲಿಟ್ಟು, ದಂಡೆಯನ್ನು ಊರಿಗೇ ಬಿಟ್ಟರು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ನಾನೀಗ ಔರಾದದ ಶಾಲೆಯಲ್ಲಿ ಆಟ ಕಲಿಸುತ್ತೇನೆ. ಅವರ ಋಣ ಹ್ಯಾಗೆ ತೀರಿಸಬೇಕೋ ತಿಳಿಯದೆ, ಒಂದು ಭಾನುವಾರ ನನ್ನ ಶಾಲೆಯ ಹುಡುಗಿಯರನ್ನು ಬಸ್ಸು ಹತ್ತಿಸಿಕೊಂಡು ಆ ದಂಡೆಗೆ ಹೋದೆ. ಅಷ್ಟು ಬಯಲು ಕಂಡದ್ದೇ ಒಬ್ಬಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ಉಳಿದವರೂ ಅವಳ ಹಿಂದೆ ಹೊರಟರು. ನಾನು ತಡೆಯಲಿಲ್ಲ.