ಲೆನ್ಸಿಗೆ ಬಾವಿ ನೀರು

ಗೆಳೆಯರೇ, ಶಿರಸಿಯ ನನ್ನ ಕನ್ನಡಕದಂಗಡಿಯಲ್ಲಿ ಇಂದು ಮಧ್ಯಾಹ್ನ ನಡೆದದ್ದಿದು. ಅಂಗಡಿ ಬಾಗಿಲು ಹಾಕಿ, ಪಕ್ಕದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಹೆಗಡೆಕಟ್ಟಾ ಕಡೆಯ ಹೆಂಗಸೊಬ್ಬರು ಕಾಂಟ್ಯಾಕ್ಟ್ ಲೆನ್ಸ್ ನೆನೆಸಿಡುವ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೇಳಿದರು: "ಲೆನ್ಸಿನ ನೀರು ಭಾರೀ ತುಟ್ಟಿ ಆತು. ಅರ್ಧ ಬಾವಿ ನೀರು ಸೇರ್ಸಿದ್ರೆ ಅಡ್ಡಿಲ್ಯ?"

ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. "ಉಳಿಸೋದಿದ್ರೆ ಬೇರೆ ಕಡೆ ಉಳಿಸಿ. ಬಾವಿ ನೀರು ಹಾಕಿದ್ರೆ ಕಣ್ಣೇ ಹೋಗ್ತದೆ. ಯಾರದ್ದು ಲೆನ್ಸು?"

"ತಮ್ಮಂದು. ದಿನಾ ನೀರು ಬದಲ್ಸವು, ಒಣಗಲೆ ಬಿಡಲಾಗ ಹೇಳಿ ನೀವೇ ಅವಂಗೆ ಹೇಳಿದ್ದಲ್ದ. ಈಗ ಆನು ಬದಲ್ಸ್ತೆ. ಹಳೇ ನೀರನ್ನ ತುಳಸಿ ಬುಡಕ್ಕೆ ಹಾಕ್ತೆ."

"ಅವನಿಗೇನು, ತಾನೇ ಮಾಡಿಕೊಳ್ಳಲಿಕ್ಕೆ?"

"ಅವ ತೀರಿಹೋಗಿ ಆರು ತಿಂಗ್ಳಾತು."

ಡಬ್ಬಿ ತೆರೆದೆ. ಎರಡೂ ಲೆನ್ಸ್ ಈಗಷ್ಟೇ ಕಣ್ಣಿನಿಂದ ತೆಗೆದಿಟ್ಟ ಹಾಗೆ ಒದ್ದೆಯಾಗಿ, ಮೆತ್ತಗಿದ್ದವು. ಮೆಲ್ಲಗೆ ಮುಚ್ಚಿದೆ.

"ಹಾಗಾದ್ರೆ ಬಾವಿ ನೀರೇ ಸಾಕು ಬಿಡಿ," ಎಂದೆ.

"ನಿನ್ನೆ ಪೂರಾ ಅದನ್ನೇ ಹಾಕಿದ್ದೆ. ಬೆಳಗಿನ ಜಾವ ಕನಸಲ್ಲಿ ಬಂದ. ಎರಡೂ ಕಣ್ಣು ಕೆಂಪಾಗಿತ್ತು. 'ಅಕ್ಕಾ, ಉರೀತು' ಹೇಳಿ ತಿಕ್ತಾ ಇದ್ದ."

ಲೆನ್ಸ್ ಎಸೆದುಬಿಡಿ, ಅದೇ ದೊಡ್ಡ ಉಳಿತಾಯ ಎನ್ನಬೇಕಿತ್ತು. ಅದರ ಬದಲು, ದೊಡ್ಡ ಬಾಟಲಿ ತೆಗೆದುಕೊಂಡರೆ ಅಗ್ಗ ಬೀಳುತ್ತದೆ ಎಂದೆ. ಒಯ್ದರು.

ಬಾವಿ ನೀರು ಬೇಡವೆಂದು ಹತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಲೇ ಇದ್ದೇನೆ. ಹೌದೆಂದು ಬಂದು ಸಾಕ್ಷಿ ಹೇಳಿದವನು ಆ ತಮ್ಮನೊಬ್ಬನೇ.