ಫಸ್ಟ್ ಹಾಫಿನ ಏಳನೇ ನಂಬರ್

ಕೋಚಣ್ಣನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಬಹರೇನಿನ ಹೂರಾದ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಇಸ್ತ್ರಿಯ ಆವಿ ತಾಗಿ ತಾಗಿ ಆ ಕೈಗಳು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. ಗುರುತಿನ ಕಾರ್ಡು ನವೀಕರಿಸಲು ಹೋದಾಗಲೆಲ್ಲ ಬೆರಳಚ್ಚಿನ ಮಷೀನು ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. ಒರೆಸಿ ಒತ್ತಿ, ಇನ್ನೊಮ್ಮೆ ಒತ್ತಿ ಎಂದು ಕೌಂಟರಿನ ಹೆಂಗಸು ಸೋಲುತ್ತಿದ್ದಳು. "ಮಷೀನಿಗೇ ನನ್ನ ಗುರ್ತ ಸಿಗುದಿಲ್ಲ ಮಾರಾಯ, ಇನ್ನು ನಿಮಗೆ ಎಲ್ಲಿಂದ ಸಿಗ್ಬೇಕು?" ಎಂದು ನಮ್ಮ ಮುಂದೆ ಹೇಳಿಕೊಂಡು ನಗುತ್ತಿದ್ದರು. ಆಗ ನಾವೂ ನಗುತ್ತಿದ್ದೆವು.

ಮಂಗಳೂರಿನ ಬೋಳಾರದವರು. ಒಂದು ಕಾಲದಲ್ಲಿ ಒಳ್ಳೆಯ ಹಾಫ್ ಬ್ಯಾಕ್ ಆಗಿದ್ದರಂತೆ. ಆ ಆಟ ನೋಡಿದವರು ಯಾರೂ ನಮಗೆ ಸಿಕ್ಕಿರಲಿಲ್ಲ, ಆದರೆ ಅನುಮಾನಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಬಹರೇನಿನಲ್ಲಿ ನಮ್ಮ ಕಡೆಯ ಹುಡುಗರಿಗೆ ಒಂದು ಫುಟ್‌ಬಾಲ್ ಟೀಮ್ ಅಂತ ಇದ್ದದ್ದು ಅವರಿಂದಲೇ, ಕೋಚೂ ಅವರೇ. ಶುಕ್ರವಾರ ಬುಸೈತೀನಿನ ಮರಳು ಮೈದಾನದಲ್ಲಿ ಪಂದ್ಯ. ಗೋಲು ತಪ್ಪಿದರೆ ಬೈಯುತ್ತಿರಲಿಲ್ಲ. ಹೋಗಲಿ ಬಿಡು ಎನ್ನಲು ಗಲ್ಫಿನಲ್ಲಿ ಎಲ್ಲರೂ ಹೇಳುವ ಮಾತೊಂದಿದೆಯಲ್ಲ, "ಖಲ್ಲಿವಲ್ಲಿ" ಎಂದು, ಅದನ್ನೇ ಕೂಗಿ ಕೈ ಬೀಸುತ್ತಿದ್ದರು.

ಟೀಮಿಗೆ ಇದ್ದದ್ದು ಒಂದೇ ಸೆಟ್ ಜೆರ್ಸಿ. ನಮ್ಮಲ್ಲಿ ಒಬ್ಬ ಹೋಟೆಲಿನವ, ಒಬ್ಬ ಗ್ಯಾರೇಜಿನವ, ಇನ್ನೊಬ್ಬ ಸೂಪರ್ ಮಾರ್ಕೆಟ್ಟಿನವ. ಶುಕ್ರವಾರವೂ ಕೆಲವರಿಗೆ ಡ್ಯೂಟಿ ಇರುತ್ತಿತ್ತು, ಇಡೀ ಪಂದ್ಯ ಆಡುವ ಪುಣ್ಯ ಎಲ್ಲರಿಗೂ ಇರಲಿಲ್ಲ. ಹಾಫ್ ಟೈಮಿನಲ್ಲಿ ಡ್ಯೂಟಿಗೆ ಹೊರಟವನು ಬೆವರು ತೊಟ್ಟಿಕ್ಕುವ ಜೆರ್ಸಿ ಕಳಚಿ, ಡ್ಯೂಟಿ ಮುಗಿಸಿ ಬಂದವನಿಗೆ ಕೊಡುವುದು ನಮ್ಮ ಕ್ರಮ. ಕೊಳಕಾದ ಜೆರ್ಸಿಗಳನ್ನು ಮರುದಿನ ಕೋಚಣ್ಣನೇ ಒಗೆದು ಇಸ್ತ್ರಿ ಮಾಡುತ್ತಿದ್ದರು. ಪಾಲಿಯೆಸ್ಟರಿಗೆ ಇಸ್ತ್ರಿ ಯಾಕೆ ಎಂದರೆ ಕೇಳುತ್ತಿರಲಿಲ್ಲ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ನಂಬರ್ ಇರುವ ಬೆನ್ನು, ಅದೂ ಮೇಲೆ ತೆಳುವಾದ ಬಟ್ಟೆ ಹಾಸಿ. "ಮುಖ ಯಾರು ನೋಡ್ತಾರೆ ಮಾರಾಯ? ದೂರ ಕೂತವನಿಗೆ ಕಾಣುದು ಬೆನ್ನಿನ ನಂಬರ್ ಮಾತ್ರ" ಎನ್ನುತ್ತಿದ್ದರು. ನಾನು ಆ ಮಾತನ್ನು ಮರೆತಿಲ್ಲ.

ನಾನು ಭದ್ರಾವತಿಯವನು. ಯೂನಿವರ್ಸಿಟಿ ಟೀಮಿನಲ್ಲಿ ಲೆಫ್ಟ್ ವಿಂಗ್ ಆಡಿದವನು. ಯಾವ ಕ್ಲಬ್ಬಿನವರೂ ನಮ್ಮ ಊರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬಿ.ಕಾಂ. ಮುಗಿಸಿ, ಕನಸನ್ನೂ ಬೂಟನ್ನೂ ಒಂದೇ ಚೀಲಕ್ಕೆ ತುರುಕಿ ಬಹರೇನಿಗೆ ಬಂದೆ. ಕರೆಸಿಕೊಂಡ ಕಂಪನಿ ಆರು ತಿಂಗಳಲ್ಲಿ ಬಾಗಿಲು ಹಾಕಿತು. ಜುಫೈರಿನ ಒಂದು ಹೋಟೆಲಿನ ಯೂನಿಫಾರ್ಮುಗಳು ಕೋಚಣ್ಣನ ಲಾಂಡ್ರಿಗೆ ಬರುತ್ತಿದ್ದವು. ಅಲ್ಲಿನ ಮ್ಯಾನೇಜರನಿಗೆ ಹೇಳಿ ನನ್ನನ್ನು ಸ್ಟೋರಿಗೆ ಸೇರಿಸಿದ್ದು ಅವರೇ. ನನಗೆ ಸೀತಾಳೆ ಸಿಡುಬು ಎದ್ದು ರೂಮಿನವರು ಹೊರಗೆ ಹಾಕಿದಾಗ, ಲಾಂಡ್ರಿಯ ಹಿಂದಿನ ತಮ್ಮ ಕೋಣೆಯಲ್ಲಿ ಮಲಗಿಸಿಕೊಂಡು ಗಂಜಿ, ಉಪ್ಪಿನಕಾಯಿ ಹಾಕಿದ್ದೂ ಅವರೇ. "ನೀನು ಘಟ್ಟದವ. ಆದ್ರೆ ಆ ಎಡಗಾಲು ಮಾತ್ರ ನಮ್ಮ ಕಡಲಬದಿಯದ್ದು" ಎಂದು ಕೀಟಲೆ ಮಾಡುತ್ತಿದ್ದರು. ನನ್ನ ಅಪ್ಪ ನನ್ನ ಆಟವನ್ನು ಒಮ್ಮೆಯೂ ನೋಡಿದವರಲ್ಲ. ಇವರು ನೋಡುತ್ತಿದ್ದರು, ಹೊಗಳುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಎರಡು ಹೊಸ ಲೀಗ್‌ಗಳು ಒಂದೇ ವರ್ಷ ಹುಟ್ಟಿಕೊಂಡವು. ಹೆಸರಿದ್ದ ಆಟಗಾರರನ್ನೆಲ್ಲ ದೊಡ್ಡ ಕ್ಲಬ್ಬುಗಳು ಮೊದಲೇ ಕಟ್ಟಿಹಾಕಿದ್ದವು. ಉಳಿದದ್ದು ಯಾರೂ ಕಣ್ಣೆತ್ತಿ ನೋಡದ ನಮ್ಮಂಥ ಕಾಲೇಜು ಹುಡುಗರು. ಯೂನಿವರ್ಸಿಟಿಗೆ ಆಡಿರಬೇಕು, ವಯಸ್ಸು ಇಪ್ಪತ್ತಮೂರು ದಾಟಿರಬಾರದು. ಇಷ್ಟಿದ್ದರೆ ಸಾಕು, ಎರಡೂ ಕಡೆಯವರು ಬಾಗಿಲು ತಟ್ಟುತ್ತಿದ್ದರು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಹುಡುಗಿಯನ್ನು ನೋಡಲು ಒಂದೇ ದಿನ ಎರಡು ಗಂಡಿನ ಕಡೆಯವರು ಬಂದ ಹಾಗಾಯಿತು. ಕೆಲಸ ಹುಡುಕಿಕೊಂಡು ಗಲ್ಫಿಗೆ ಬಂದ ಹುಡುಗರಲ್ಲೂ ಆಟಗಾರರಿದ್ದಾರೆಂದು ಯಾರೋ ಹೇಳಿದ್ದರು. ನಮ್ಮ ಟೂರ್ನಮೆಂಟಿನ ಸೆಮಿಫೈನಲ್ ನೋಡಲು ಎರಡೂ ಲೀಗಿನ ಏಜೆಂಟರು ಬಂದಿಳಿದರು. ನನಗೆ ಆಗ ಇಪ್ಪತ್ತಮೂರು ತುಂಬಲು ಕೆಲವೇ ತಿಂಗಳು ಬಾಕಿ. ಇದು ತಪ್ಪಿದರೆ ಇನ್ನೊಂದಿಲ್ಲ ಎಂಬುದು ನನಗೂ ಗೊತ್ತಿತ್ತು, ಕೋಚಣ್ಣನಿಗೂ ಗೊತ್ತಿತ್ತು.

ಆ ಶುಕ್ರವಾರ ನನಗೆ ಮಧ್ಯಾಹ್ನದ ಡ್ಯೂಟಿ. ರಜೆ ಕೇಳಿದೆ, ಮ್ಯಾನೇಜರ್ ಕೊಡಲಿಲ್ಲ. ಫಸ್ಟ್ ಹಾಫ್ ನಾನು ಆಡಿದೆ. ಎರಡು ಗೋಲು, ಎರಡೂ ಎಡಗಾಲಿನವು. ಬದುಕಿನಲ್ಲಿ ಅಷ್ಟು ಹಗುರಾಗಿ ಎಂದೂ ಓಡಿರಲಿಲ್ಲ. ಹಾಫ್ ಟೈಮಿನಲ್ಲಿ ಏಳನೇ ನಂಬರಿನ ಜೆರ್ಸಿ ಕಳಚಿ ಪ್ರಜ್ವಲನಿಗೆ ಕೊಟ್ಟು ಟ್ಯಾಕ್ಸಿ ಹತ್ತಿದೆ. ಪ್ರಜ್ವಲ್ ಮಂಗಳೂರಿನವನು, ನನ್ನದೇ ವಯಸ್ಸು, ನನ್ನದೇ ಎತ್ತರ, ಒಳ್ಳೆಯ ಹುಡುಗ. ಅವನೂ ಯೂನಿವರ್ಸಿಟಿಗೆ ಆಡಿದ್ದ.

ಡ್ಯೂಟಿ ಮುಗಿಸಿ ಸೀದಾ ಲಾಂಡ್ರಿಗೆ ಓಡಿದೆ. ಕೋಚಣ್ಣ ನನ್ನ ಮುಖ ನೋಡದೆ ಹೇಳಿದರು: "ಪ್ರಜ್ವಲ್ ಸೆಲೆಕ್ಟ್ ಆದ ಮಾರಾಯ. ಅವರು ಬಂದದ್ದೇ ಸೆಕೆಂಡ್ ಹಾಫಿಗೆ. ನಿನ್ನ ಆಟ ನೋಡ್ಲೇ ಇಲ್ಲ. ನಸೀಬು. ಖಲ್ಲಿವಲ್ಲಿ." ಎಷ್ಟಾದರೂ ಅವರ ಊರಿನವನು, ತುಳು ಮಾತಾಡುವವನು, ಅವನ ಪರವಾಗಿ ಒಂದು ಮಾತು ಜಾಸ್ತಿ ಹೇಳಿರಬಹುದೇ ಎಂಬ ಅನುಮಾನ ಬಂತು. ಗಂಜಿ ಹಾಕಿದ ಕೈಯನ್ನು ಅನುಮಾನಿಸುತ್ತೇನಲ್ಲ ಎಂದು ನನಗೆ ನಾನೇ ಬೈದುಕೊಂಡೆ. ಪ್ರಜ್ವಲನನ್ನು ಏರ್‌ಪೋರ್ಟಿಗೆ ಬಿಡಲು ನಾನೂ ಹೋಗಿದ್ದೆ.

ಎರಡು ವಾರದ ನಂತರ ಫೈನಲ್. ಅಂದೂ ನನಗೆ ಡ್ಯೂಟಿ ಇತ್ತು. ಕೋಚಣ್ಣ ನೇರವಾಗಿ ಮ್ಯಾನೇಜರನಿಗೆ ಫೋನ್ ಮಾಡಿದರು, ಒಂದೇ ಮಾತಿಗೆ ರಜೆ ಸಿಕ್ಕಿತು. ನಾನು ಹೊಡೆದ ಗೋಲಿನಿಂದ ಟೀಮಿಗೆ ಮೊದಲ ಬಾರಿಗೆ ಕಪ್ ಬಂತು. ಕೋಚಣ್ಣ ಮರಳಿನಲ್ಲಿ ಓಡಿ ಬಂದು, ಆ ಗೆರೆಯಿಲ್ಲದ ಅಂಗೈಗಳಲ್ಲಿ ನನ್ನ ಮುಖ ಹಿಡಿದು ಅತ್ತರು. ನಾನೂ ಅತ್ತೆ. ಕಪ್ಪನ್ನು ಲಾಂಡ್ರಿಯ ಗಾಜಿನ ಕಪಾಟಿನಲ್ಲಿ, ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತೆ ಇಟ್ಟರು. ನನ್ನ ಬದುಕಿನ ಅತ್ಯಂತ ಸಂತೋಷದ ದಿನ ಯಾವುದೆಂದು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ.

ಮರುವರ್ಷ ಪ್ರಜ್ವಲ್ ಬಹರೇನಿಗೆ ವಾಪಸು ಬಂದ. ಅವನಿದ್ದ ಲೀಗು ಒಂದು ಸೀಸನ್ ನಡೆದು ಮುಚ್ಚಿಹೋಗಿತ್ತು. ಸೂಪರ್ ಮಾರ್ಕೆಟ್ಟಿನ ವ್ಯಾನು ಓಡಿಸುವ ಕೆಲಸ ಹಿಡಿದಿದ್ದ. ಹೂರಾದ ಕೆಫೆಟೇರಿಯಾದಲ್ಲಿ ನನಗೂ ಚಹಾ ತರಿಸಿ, ಬಾಯಿ ಬಿಟ್ಟ.

"ಅವರಿಗೆ ಬೇಕಾದದ್ದು ನೀನು ಮಾರಾಯ, ನಾನಲ್ಲ. ಮೊದಲ ದಿನವೇ ಅಲ್ಲಿನ ಕೋಚ್ 'ಎಲ್ಲಿ, ಆ ಎಡಗಾಲಿನ ತಿರುವು ತೋರಿಸು' ಅಂದ. ನನ್ನ ಎಡಗಾಲು ಬಸ್ ಹತ್ಲಿಕ್ಕೆ ಮಾತ್ರ ಇರುದು. ಇಡೀ ಸೀಸನ್ ಬೆಂಚಲ್ಲಿ ಕೂತೆ."

"ಅವರು ಸೆಕೆಂಡ್ ಹಾಫಿಗೆ ಬಂದಿದ್ದಲ್ವಾ?"

"ಯಾರು ಹೇಳಿದ್ದು? ಮೊದಲಿಂದ ಇದ್ರು. ಸೆಕೆಂಡ್ ಹಾಫ್ ಆಟ ಯಾರು ನೋಡಿದ್ರು? ಇಬ್ಬರು ಏಜೆಂಟರೂ ಒಬ್ಬರ ಮೇಲೊಬ್ಬರು ಕಣ್ಣಿಡುದ್ರಲ್ಲೇ ಕಳೆದ್ರು. ಮ್ಯಾಚ್ ಮುಗಿದ ಕೂಡ್ಲೇ ಒಬ್ಬ ಓಡಿ ಬಂದು ಏಳನೇ ನಂಬರ್ ಯಾರು ಕೇಳಿದ. ಜೆರ್ಸಿ ನನ್ನ ಮೈಮೇಲೆ ಉಂಟಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೋಚಣ್ಣ 'ಇವನೇ' ಅಂದ್ರು. ಆಮೇಲೆ ತುಳುವಲ್ಲಿ 'ಸುಮ್ಮನಿರು' ಅಂದ್ರು. ಮರುದಿನ ಟ್ರಯಲ್ ಇಡುದು ಅಂತ ಇತ್ತು. ಇನ್ನೊಂದು ಲೀಗಿನವ ಬರುದು ಕಂಡದ್ದೇ, ಟ್ರಯಲ್ ಬೇಡ, ಈಗ್ಲೇ ಸೈನ್ ಅಂತ ಆಯ್ತು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ವಯಸ್ಸಿನಲ್ಲಿ ಬಾಗಿಲು ತೆರೆದರೆ ಯಾರು ತಾನೇ ಹಿಂದೆ ತಿರುಗಿ ನೋಡುತ್ತಾರೆ? ಎದ್ದು ಲಾಂಡ್ರಿಗೆ ನಡೆದೆ.

ಕೋಚಣ್ಣ ಯಾರದೋ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಪೀಠಿಕೆ ಹಾಕಲಿಲ್ಲ. "ಅಣ್ಣಾ, ಅವತ್ತು ಏಜೆಂಟ್ ಕೇಳಿದ್ದು ಯಾರನ್ನ?"

ಇಸ್ತ್ರಿ ನಿಲ್ಲಲಿಲ್ಲ. "ಇಬ್ಬರೂ ನಮ್ಮ ಹುಡುಗರೇ ಅಲ್ವಾ?"

"ನಾನು ಕೇಳಿದ್ದು ಅದಲ್ಲ."

ತೋಳು ಮುಗಿಸಿ, ಶರ್ಟನ್ನು ಮಗುಚಿ, ಬೆನ್ನಿಗೆ ಇಸ್ತ್ರಿ ಇಟ್ಟರು. "ಫೈನಲ್ ಇತ್ತಲ್ಲ ಮಾರಾಯ. ನಿನ್ನನ್ನು ಕಳಿಸಿ ನಾನು ಯಾರನ್ನು ಆಡಿಸ್ಲಿ? ಆ ಕಪ್ಪಿಗೆ ನಾನು ಎಷ್ಟು ವರ್ಷ ಕಾದದ್ದು ನಿನಗೆ ಗೊತ್ತುಂಟಾ?"

ಅಲ್ಲಿಗೆ ಎಲ್ಲ ತಿಳಿಯಿತು. ಊರಿನ ಅಭಿಮಾನವೂ ಅಲ್ಲ, ಪ್ರಜ್ವಲನ ಮೇಲಿನ ಕರುಣೆಯೂ ಅಲ್ಲ. ನಾನು ಚೆನ್ನಾಗಿ ಆಡಿದ್ದೇ ನನಗೆ ಮುಳುವಾಗಿತ್ತು. ಫೈನಲ್ಲಿಗೆ ಒಂದೇ ಫೋನಿನಲ್ಲಿ ರಜೆ ಕೊಡಿಸಿದವರು ಸೆಮಿಫೈನಲ್ಲಿನ ದಿನ ಆ ಫೋನನ್ನು ಯಾಕೆ ಮುಟ್ಟಲಿಲ್ಲ ಎಂಬುದೂ ಆಗಲೇ ಹೊಳೆದದ್ದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಲೀಗ್ ಏನಾಯ್ತು ನೋಡಿದಿಯಲ್ಲ? ಮುಳುಗಿತು. ಹೋಗಿದ್ರೆ ನೀನೂ ಬೀದಿಗೆ ಬೀಳ್ತಿದ್ದೆ" ಎಂದರು.

"ಬೀಳ್ತಿದ್ದೆ ಅಣ್ಣಾ. ನನ್ನ ಕಾಲಿಂದ ನಾನೇ ಬೀಳ್ತಿದ್ದೆ. ನನಗೀಗ ಇಪ್ಪತ್ತನಾಲ್ಕು ನಡೀತಿದೆ. ಆ ವರ್ಷ ನೀವು ವಾಪಸು ಕೊಡ್ತೀರಾ?"

ಅವರು ಶರ್ಟನ್ನು ಮಡಿಸಿ ರಟ್ಟು ಇಟ್ಟು ಪಿನ್ನು ಚುಚ್ಚಿದರು. ಆಮೇಲೆ ತಲೆಯೆತ್ತಿ, ಏನೂ ಆಗಿಲ್ಲವೆಂಬಂತೆ ಕೇಳಿದರು: "ಚಾ ಕುಡಿತಿಯಾ?"

ತಪ್ಪಾಯ್ತು ಎಂದಿದ್ದರೆ ಅಲ್ಲೇ ಕರಗಿಬಿಡುತ್ತಿದ್ದೆ. ಹೋಗಲಿ, ಖಲ್ಲಿವಲ್ಲಿ ಎಂದಿದ್ದರೂ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಚಹಾಕ್ಕೆ ನಿಲ್ಲದೆ ಹೊರಟುಬಂದೆ. ಮತ್ತೆ ನಾನು ಬುಸೈತೀನಿನ ಮೈದಾನಕ್ಕೆ ಹೋಗಲಿಲ್ಲ. ಆದರೆ ಅವರು ಕೊಡಿಸಿದ ಹೋಟೆಲಿನ ಕೆಲಸ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಪ್ರತಿ ವಾರ ಹೋಟೆಲಿನ ಯೂನಿಫಾರ್ಮು ಅವರ ಲಾಂಡ್ರಿಯಿಂದ ಬರುತ್ತಿತ್ತು. ಬೇರೆಯವರ ಶರ್ಟಿಗಿಂತ ನನ್ನದರ ಕಾಲರ್ ಗಟ್ಟಿಯಾಗಿ, ಗಂಜಿ ಹಾಕಿ, ಚಾಕುವಿನಂತೆ ನಿಂತಿರುತ್ತಿತ್ತು. ಅದನ್ನು ಕ್ಷಮೆ ಎಂದು ಓದಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ತೊಡದೆ ಗತಿಯಿರಲಿಲ್ಲ, ತೊಟ್ಟೆ.

ಕೆಲವು ವರ್ಷಗಳಾದ ಮೇಲೆ ಕೋಚಣ್ಣ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದು ತೀರಿಕೊಂಡರು. ಹೃದಯ ನಿಂತಿತ್ತು. ದೇಹವನ್ನು ಊರಿಗೆ ಕಳುಹಿಸುವ ಓಡಾಟದಲ್ಲಿ ಎಲ್ಲರೊಂದಿಗೆ ನಾನೂ ಇದ್ದೆ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮುಂದಿನ ಶುಕ್ರವಾರ ಮನಾಮದ ಒಂದು ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ಫೋಟೋದ ಪಕ್ಕ ಆ ಕಪ್ಪನ್ನೂ ತಂದಿಟ್ಟಿದ್ದರು. ಮಾತಾಡಿದವರೆಲ್ಲ ಒಂದೇ ಸಂಗತಿಯನ್ನು ಹೇಳಿದರು: ಯಾರೂ ನೋಡದ ಕಾಲೇಜು ಹುಡುಗನೊಬ್ಬನನ್ನು ಮರಳಿನಲ್ಲಿ ತಯಾರು ಮಾಡಿ, ವೃತ್ತಿಪರ ಲೀಗಿಗೆ ಕಳುಹಿಸಿದ ದೊಡ್ಡ ಮನಸ್ಸು. ಪ್ರಜ್ವಲನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಅಧ್ಯಕ್ಷರು ನನ್ನ ಹೆಸರು ಕರೆದು, "ಸಾಕಿದ ಮಗನ ಹಾಗೆ ಇದ್ದವರು, ಎರಡು ಮಾತು ಹೇಳಬೇಕು" ಎಂದರು.

ಮೈಕಿನ ಮುಂದೆ ನಿಂತೆ. ಫೋಟೋದಲ್ಲಿ ಕೋಚಣ್ಣ ಕೈ ಬೀಸುತ್ತಿದ್ದರು, ಯಾರೋ ಗೋಲು ತಪ್ಪಿಸಿದಾಗ ತೆಗೆದದ್ದಿರಬೇಕು. ಗಂಜಿಯ ಬಗ್ಗೆ ಹೇಳಬೇಕೆಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

"ಆ ದಿನ ಫಸ್ಟ್ ಹಾಫಿನಲ್ಲಿ ಏಳನೇ ನಂಬರ್ ಹಾಕಿದ್ದವನು ನಾನು" ಎಂದೆ.

ಮುಂದಿನ ಮಾತಿಗೆ ಸಭೆ ಕಾಯಿತು. ಮೂರನೇ ಸಾಲಿನಲ್ಲಿ ಪ್ರಜ್ವಲ್ ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಫೋಟೋದ ಪಕ್ಕದ ಕಪ್ಪನ್ನೇ ನೋಡುತ್ತ ನಿಂತೆ. ದುಃಖ ತಡೆಯಲಾಗದೆ ನಿಂತಿದ್ದಾನೆಂದು ತಿಳಿದು ಅಧ್ಯಕ್ಷರು ಎದ್ದು ಬಂದು ಬೆನ್ನು ಸವರಿದರು, ನೀರಿನ ಬಾಟಲಿ ಕೈಗಿಟ್ಟರು. ಅವರು ತಿಳಿದದ್ದು ಪೂರ್ತಿ ತಪ್ಪೂ ಆಗಿರಲಿಲ್ಲ. ನೀರು ಕುಡಿದು ನನ್ನ ಜಾಗಕ್ಕೆ ಬಂದು ಕುಳಿತೆ.