ಸಾವಿತ್ರೆವ್ವನ ಪಡಸಾಲೆಯ ಯುದ್ಧನೌಕೆ

ಸಂಖ ಎಂಬ ಊರಲ್ಲಿ ಒಬ್ಬೊಬ್ಬರ ಪಡಸಾಲೆಯಲ್ಲಿ ಒಂದೊಂದು ವಸ್ತು ಇರುತ್ತದೆ. ಜೋಳದ ಚೀಲ, ಹೊಲಿಗೆ ಯಂತ್ರ, ಮಗಳ ಮದುವೆಗೆಂದು ಮೊದಲೇ ತಂದಿಟ್ಟ ಕಪಾಟು. ಸಾವಿತ್ರೆವ್ವನ ಪಡಸಾಲೆಯಲ್ಲಿ ಯುದ್ಧನೌಕೆ ಇತ್ತು. ಮಲಗುವ ಹೊರಸಿಗಿಂತ ಉದ್ದ. ಮೂತಿ ತಲೆಬಾಗಿಲ ಕಡೆ, ಹಿಂಭಾಗ ಅಡುಗೆಮನೆಯ ಕಡೆ. ಒಲೆಯ ಹತ್ತಿರ ಹೋಗಬೇಕೆಂದರೆ ಮನೆಯೊಡತಿಯೇ ಮೈ ಓರೆ ಮಾಡಿಕೊಂಡು ನುಸುಳಬೇಕಿತ್ತು. ಬಂದ ಬೀಗರನ್ನು ಕೂರಿಸಲು ಜಾಗವಿಲ್ಲದೆ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಕೊಟ್ಟು ಕಳಿಸಿದ್ದೂ ಉಂಟು.

"ಏನವಾ, ನಿನ್ನ ಸವತಿ ಎಷ್ಟ ಬೆಳದಾಳ?" ಎಂದು ನೆರೆಮನೆಯ ಗೌರವ್ವ ಹೋಗುತ್ತ ಬರುತ್ತ ಕೇಳುತ್ತಿದ್ದಳು.

"ಭಾಳ ಬೆಳದಾಳ. ನನ್ನ ಚಹಾ ಸೋಸೂದನ್ನೂ ತಿಂದ ಕುಂತಾಳ."

ಸುಳ್ಳಲ್ಲ. ಸೋಸುವ ಜಾಲರಿ ಹಡಗಿನ ಕಂಬದ ತುದಿಗೇರಿ ರಡಾರ್ ಆಗಿತ್ತು. ಹಳೆಯ ಛತ್ರಿಯ ಕಡ್ಡಿಗಳು ತೋಪಿನ ನಳಿಗೆಗಳಾಗಿದ್ದವು. ದ್ರಾಕ್ಷಿ ತೋಟದವರು ಬಿಸಾಡಿದ ತಂತಿ ಏಣಿಯಾಗಿತ್ತು. ಎಣ್ಣೆ ಡಬ್ಬಿಯ ತಗಡಿನಲ್ಲಿ ಕಿಟಕಿ, ಬಾಗಿಲು, ಹೊಗೆ ಕೊಳವೆ ಎಲ್ಲ ಎದ್ದಿದ್ದವು. ಮನೆಯಲ್ಲಿ ಏನು ಕಳೆದರೂ ಸಾವಿತ್ರೆವ್ವ ಮೊದಲು ಹಡಗನ್ನೇ ಹುಡುಕುತ್ತಿದ್ದಳು.

ಇದನ್ನೆಲ್ಲ ಕಟ್ಟುತ್ತಿದ್ದವನು ಅವಳ ಗಂಡ ರೇವಪ್ಪ. ಬಾವಿಯ ನೀರು ಬಿಟ್ಟು ಬೇರೆ ನೀರು ಕಾಣದ ಊರಿನಿಂದ ಎದ್ದು ನೌಕಾಪಡೆಗೆ ಸೇರಿದ್ದ. ಅವನು ಹಡಗನ್ನೇ ನಡೆಸುತ್ತಾನೆಂದು ಊರು ನಂಬಿತ್ತು. ಅವನು ಮಾತ್ರ ಯಾರ ಮುಂದೆಯೂ ಬಡಾಯಿ ಕೊಚ್ಚಲಿಲ್ಲ. ಹಡಗಿನ ಕೆಲಸವೆಂದರೆ ಮುಕ್ಕಾಲು ಪಾಲು ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು. ಬಳಿದು ಮುಗಿಯುವಷ್ಟರಲ್ಲಿ ಮೊದಲು ಬಳಿದಲ್ಲಿ ಮತ್ತೆ ತುಕ್ಕು ಎನ್ನುತ್ತಿದ್ದ. ಸೇವೆ ಮುಗಿಸಿ ಬಂದು ಜತ್ತದ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ. ಅದರಿಂದಲೂ ನಿವೃತ್ತನಾದ ಮೇಲೆ, ತಾನಿದ್ದ ಹಡಗನ್ನು ಒಡೆದು ಗುಜರಿಗೆ ಹಾಕಿದರೆಂಬ ಸುದ್ದಿ ಹಳೆಯ ಗೆಳೆಯನೊಬ್ಬನ ಫೋನಿನಲ್ಲಿ ಬಂತು. ಅವತ್ತು ರೇವಪ್ಪ ಊಟ ಮಾಡಲಿಲ್ಲ. ಮರುದಿನ ಪ್ಲೈವುಡ್ ತಂದ.

"ನಿನಗ ತೋರಸ್ತೀನಿ ಅಂದಿದ್ದೆ. ಈಗ ತೋರಸ್ತೀನಿ," ಎಂದ.

ಆ ಮಾತಿಗೊಂದು ಹಿನ್ನೆಲೆ ಇತ್ತು. ಹರೆಯದಲ್ಲಿ ಒಮ್ಮೆ, ಮನೆಯವರಿಗೆಲ್ಲ ಹಡಗು ತೋರಿಸುತ್ತಾರೆಂದು ಅವನು ಬರೆದ ಕಾಗದ ನಂಬಿ, ಸಾವಿತ್ರೆವ್ವ ಮೈದುನನ ಜೊತೆ ಬಸ್ಸು ಹತ್ತಿ ಮುಂಬಯಿಗೆ ಹೋಗಿದ್ದಳು. ಅಷ್ಟರಲ್ಲಿ ಏನೋ ಆದೇಶ ಬಂದು ಹಡಗು ಹೊರಟುಹೋಗಿತ್ತು. ಅವಳು ಕಂಡದ್ದು ನೀರು ಮಾತ್ರ. ಗಂಡನಿಗೆಂದು ಕಟ್ಟಿಕೊಂಡು ಹೋಗಿದ್ದ ಶೇಂಗಾ ಹೋಳಿಗೆಯನ್ನು ದಡದಲ್ಲೇ ಕೂತು ಮೈದುನನಿಗೆ ತಿನ್ನಿಸಿ ಬಂದಿದ್ದಳು.

ಹೋಳಿಗೆಯ ಸಂಕಟ ಸಣ್ಣದು. ದೊಡ್ಡದು ಬೇರೆ ಇತ್ತು. ಅವಳ ಮೊದಲನೆಯ ಕೂಸು, ಇನ್ನೂ ಹೆಸರಿಡದ ಗಂಡು, ತೊಟ್ಟಿಲಲ್ಲೇ ಹೋಗಿಬಿಟ್ಟಾಗ ರೇವಪ್ಪ ಸಮುದ್ರದಲ್ಲಿದ್ದ. ಊರಿಗೆ ಬಂದದ್ದು ಎಲ್ಲ ಮುಗಿದು ಬಹಳ ದಿನವಾದ ಮೇಲೆ. ಬಂದವನು ಕಣ್ಣಲ್ಲಿ ಒಂದು ಹನಿ ತರಲಿಲ್ಲ, ಕೂಸಿನ ಮಾತೆತ್ತಲಿಲ್ಲ. ಸುದ್ದಿ ತಲುಪಿದಾಗ ನೀವು ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ಒಂದೇ ಒಂದು ಸಲ ಕೇಳಬೇಕೆಂದು ಸಾವಿತ್ರೆವ್ವನ ಗಂಟಲವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು. ಆಮೇಲೆ ಮಗಳು ಶೈಲಾ ಹುಟ್ಟಿದಳು, ಬೆಳೆದಳು, ಗಂಡನ ಮನೆಗೂ ಹೋದಳು. ಆ ಪ್ರಶ್ನೆ ಮಾತ್ರ ಒಳಗೇ ಉಳಿಯಿತು. ಉತ್ತರ ಏನೆಂದು ಅವಳಿಗೆ ಗೊತ್ತೇ ಇತ್ತು ಬಿಡಿ: ಅವನಿಗೆ ಏನೂ ಅನ್ನಿಸಿರಲಿಲ್ಲ. ಹಾಗೆಂದು ತೀರ್ಮಾನಿಸಿಯೇ ಇಷ್ಟು ವರ್ಷ ಸಂಸಾರ ಮಾಡಿದ್ದಳು.

ಹಡಗಿನ ಮೈ ಬಹುಪಾಲು ಮುಗಿದು ಇನ್ನೇನು ಬಣ್ಣಕ್ಕೆ ಬಂತು ಎನ್ನುವಾಗ ರೇವಪ್ಪನಿಗೆ ಲಕ್ವಾ ಹೊಡೆಯಿತು. ಮಿರಜದ ಆಸ್ಪತ್ರೆಯಿಂದ ಬಂದಾಗ ಮಾತು ಉಳಿದಿತ್ತು, ನಡಿಗೆ ಉಳಿದಿತ್ತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈಯಲ್ಲಿ ಬ್ರಷ್ ಹಿಡಿದು ಒಂದು ಗೆರೆ ಎಳೆದ. ಅದು ಎತ್ತೆತ್ತಲೋ ಹೋಯಿತು. ಒರೆಸಿದ, ಮತ್ತೆ ಎಳೆದ. ಕೊನೆಗೆ ಬ್ರಷ್ಷನ್ನು ಅಂಗಳಕ್ಕೆಸೆದು, ಹಡಗಿನ ಮೇಲೆ ತಾಡಪತ್ರಿ ಹೊದಿಸಿ, ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಸವತಿಯ ಕಾಟ ತಪ್ಪಿತೆಂದು ಸಾವಿತ್ರೆವ್ವ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಮೂರು ಹೊತ್ತೂ ಗೋಡೆ ನೋಡುವ ಗಂಡನನ್ನು ಕಂಡು ಅವಳಿಗೆ ಅಳುವೇ ಬಂತು. ಅಂಗಳದ ಬ್ರಷ್ಷನ್ನು ಎತ್ತಿ ತಂದು ಸೀಮೆಎಣ್ಣೆಯಲ್ಲಿ ತೊಳೆದಳು.

"ಏನ್ರೀ, ಏಳ್ರಿ. ಹೆಂಗ ಬಳೀಬೇಕು ಹೇಳ್ರಿ."

"ನಿನಗ ಆಗೂದಿಲ್ಲ."

"ಊರ ತುಂಬ ನಾ ಹೊಲಿದ ಕೌದಿ ಹೊಚಗೊಂಡ ಮಲಗತಾರ. ಒಂದ ಗೀಟು ಸೊಟ್ಟ ಆಗಿದ್ರ ತೋರಸ್ರಿ. ಏಳ್ರಿ ಲಗೂನ."

ಮಾತು ನಿಜ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಅವಳು ಹಾಕುವ ಹೊಲಿಗೆ ಗೆರೆ ಕೊರೆದಂತೆ ನೇರ. ರೇವಪ್ಪ ಎದ್ದು ಕುರ್ಚಿ ಎಳೆದುಕೊಂಡ. ಅವತ್ತಿನಿಂದ ಅವನು ಸಾಹೇಬ, ಅವಳು ಸಿಪಾಯಿ. ಮೊದಲು ಮರಳುಕಾಗದದಿಂದ ತಿಕ್ಕಿಸಿದ. ನೀರಿನೊಳಗೆ ಮುಳುಗುವ ಭಾಗಕ್ಕೆ ಕಿಟಕಿಯ ಸರಳಿಗೆ ಬಳಿಯುವ ಕೆಂಪು, ಮೇಲಿನದಕ್ಕೆ ಬೂದು, ನಡುವೆ ಒಂದು ಕರಿಯ ಪಟ್ಟಿ ಎಂದ. ಆ ಪಟ್ಟಿ ಮೂತಿಯಿಂದ ಹಿಂಭಾಗದವರೆಗೆ ಕೂದಲೆಳೆಯಷ್ಟೂ ಅಲುಗಬಾರದು. ಸಾವಿತ್ರೆವ್ವ ಕೌದಿಯ ದಾರವನ್ನು ಬಟ್ಟೆಯ ನೀಲಿಯಲ್ಲಿ ಅದ್ದಿ, ಬಿಗಿಯಾಗಿ ಹಿಡಿದು ಮೀಟಿ ಗುರುತು ಮಾಡಿಕೊಂಡಳು. ಹಡಗಿನ ಮೇಲಟ್ಟದ ಅಂಚಿಗೆ ಗುಂಡುಸೂಜಿ ನಿಲ್ಲಿಸಿ, ದಾರ ಹಾಯಿಸಿ ಕಟಾಂಜನದ ಬೇಲಿ ಕಟ್ಟಿದಳು. ಬೂದುಬಣ್ಣ ಕಲೆಸುವಾಗಲಂತೂ ದೊಡ್ಡ ಜಗಳ.

"ಇದು ಬೂದಿ ಆತು. ಸಮುದ್ರದ ಮ್ಯಾಗಿನ ಮೋಡ ಇದ್ದಂಗ ಇರಬೇಕು."

"ನಿಮ್ಮ ಸಮುದ್ರದ ಮೋಡ ನಾ ಎಲ್ಲಿ ನೋಡಬೇಕ್ರಿ? ಇಲ್ಲಿ ಮಳಿ ಮೋಡ ಬರೂದ ಅಪರೂಪ."

ಬಿಳಿಗೆ ಕಪ್ಪು, ಅದಕ್ಕೊಂದು ಹನಿ ನೀಲಿ ಹಾಕಿ ಹಾಕಿ ಕೊನೆಗೆ ಅವನು "ಹಾಂ" ಎಂದ. ಮದುವೆಯಾದಾಗಿನಿಂದ ಅವರಿಬ್ಬರು ಅಷ್ಟು ಮಾತಾಡಿರಲಿಲ್ಲ.

ಹಡಗಿನ ಮುಂಭಾಗದ ಅಟ್ಟವನ್ನು ರೇವಪ್ಪ ಲಕ್ವಾ ಹೊಡೆಯುವ ಮೊದಲೇ ಬಡಿದು ಮುಚ್ಚಿದ್ದ. ಹಡಗಿನ ನಡುಭಾಗದ ಒಂದು ಹಲಗೆ ಮಾತ್ರ ಬಾಕಿ ಇತ್ತು. ಅದನ್ನು ಕೂರಿಸುವ ದಿನ ಅವನು ಹೊರಗೆ ಹೋಗಿದ್ದ. ಸಾವಿತ್ರೆವ್ವ ಮೊಳೆ ಬಡಿಯುವ ಮುಂಚೆ, ತನ್ನ ಅವ್ವ ಕಲಿಸಿದಂತೆ, ಒಂದು ತುಣುಕು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟಳು. ಕೌದಿಯ ಕಡೆಯ ಮೂಲೆ ಹೊಲಿಯುವಾಗ ಹಾಗೆ ಇಡುವುದು ಪದ್ಧತಿ. ಹಸಿದ ಹೊಟ್ಟೆಯನ್ನು ಹೊಲಿದು ಮುಚ್ಚಬಾರದು. ಕೌದಿಗೊಂದು ನ್ಯಾಯ, ಹಡಗಿಗೊಂದು ನ್ಯಾಯ ಎಂದು ಅವಳಿಗೆ ತೋಚಲಿಲ್ಲ. ಬೆಲ್ಲವನ್ನಂತೂ ಧಾರಾಳವಾಗಿಯೇ ಇಟ್ಟಳು. ಆಮೇಲೆ ಸಂಜೆಯವರೆಗೆ ಕೂತು ಬೂದುಬಣ್ಣದ ಕಡೆಯ ಕೋಟು ಎಳೆದಳು.

ಬೆಳಿಗ್ಗೆ ನೋಡಿದರೆ ಯುದ್ಧನೌಕೆಯನ್ನು ಇರುವೆಗಳು ಗೆದ್ದುಕೊಂಡಿದ್ದವು. ಗೋಡೆಯಿಂದ ಸಾಲು ಹೊರಟು, ಹಸಿ ಬಣ್ಣದಲ್ಲಿ ಸಾವಿರಾರು ಸಿಕ್ಕಿಕೊಂಡು ಸತ್ತಿದ್ದವು. ಉಳಿದವು ಸತ್ತವುಗಳ ಮೇಲೆಯೇ ನಡೆದು ಸಂದಿಯೊಳಗೆ ಹೋಗುತ್ತಿದ್ದವು. ಮೋಡದಂತಿದ್ದ ಬೂದುಬಣ್ಣಕ್ಕೆ ಮೈತುಂಬ ಸಿಡುಬು.

"ಒಳಗ ಏನ ಇಟ್ಟೀದಿ?" ರೇವಪ್ಪ ಸಂದಿಗೆ ಕಣ್ಣಿಟ್ಟು ಕೇಳಿದ.

"ರೊಟ್ಟಿ, ಬೆಲ್ಲ."

"ಯುದ್ಧನೌಕೆ ಅದು, ಸಾವಿತ್ರಿ! ಕೌದಿ ಅಲ್ಲ!"

"ಅದರಾಗ ಮಂದಿ ಇರತಾರ ಅಂತ ನೀವ ಹೇಳೀರಿ. ಮಂದಿ ಉಣ್ಣೂದಿಲ್ಲೇನು?"

ಸಾವಿತ್ರೆವ್ವ ಉಳಿ ತಂದು ನಡುವಿನ ಹಲಗೆ ಕಿತ್ತಳು. ಇರುವೆಗಳು ಬೆಲ್ಲವನ್ನು ಹೊತ್ತು ಮುಂಭಾಗದ ಕೆಳಗೆ ಗುಂಪುಗೂಡಿದ್ದವು. ಅವಳು ಮುಂದಿನ ಹಲಗೆಗೆ ಉಳಿ ಹಾಕಿದಳು.

"ಅಲ್ಲಿ ಬ್ಯಾಡ," ಎಂದ ರೇವಪ್ಪ.

"ಅಲ್ಲೇ ಕೂತಾವಲ್ರೀ."

"ಅದು ಬ್ಯಾಡ ಅಂದ್ನೆಲ್ಲ!"

ಅಷ್ಟರಲ್ಲಿ ಹಲಗೆ ಮೇಲೆದ್ದಿತ್ತು. ಸಾವಿತ್ರೆವ್ವ ಬಗ್ಗಿ ನೋಡಿದಳು. ಒಳಗೆ ತೆಳು ಹಲಗೆಯಲ್ಲಿ ಕೋಣೆ ಕೋಣೆ ಕಟ್ಟಿದ್ದ. ಮುಚ್ಚಿಹೋಗುವ ಜಾಗಕ್ಕೆ ಯಾಕೆಂದು ಯಾವುದಕ್ಕೂ ಬಣ್ಣ ಬಳಿದಿರಲಿಲ್ಲ. ಮೂಲೆಯ ಒಂದು ಸಣ್ಣ ಕೋಣೆಗೆ ಮಾತ್ರ ಬಿಳಿಬಣ್ಣ. ಅದೂ ಒಂದರ ಮೇಲೊಂದು ಬಳಿದು ಗೋಡೆಗಳು ದಪ್ಪವಾಗಿದ್ದವು.

"ಇದಕ್ಕಷ್ಟ ಯಾಕ್ರಿ ಇಷ್ಟ ಬಣ್ಣ?"

"ಬಣ್ಣದ ಸಾಮಾನ ಇಡೂ ಕೋಣಿ ಅದು," ಎಂದು ಅವನು ಮುಖ ಆಚೆ ಮಾಡಿದ.

ಆ ಮುಖ ನೋಡಿ ಸಾವಿತ್ರೆವ್ವನಿಗೆ ಏನಾಯಿತೋ, ಗಂಟಲಲ್ಲಿದ್ದ ಮಾತನ್ನು ಈ ಸಲ ನುಂಗಿಕೊಳ್ಳಲಿಲ್ಲ.

"ಕೂಸು ಹೋದ ಸುದ್ದಿ ಬಂದಾಗ ನೀವು ಎಲ್ಲಿದ್ರಿ?"

ರೇವಪ್ಪ ಹಡಗಿನ ಮೇಲೆ ಬಗ್ಗಿದ. ಎಡಗೈಯ ಬೆರಳನ್ನು ಆ ಬಿಳಿ ಕೋಣೆಯೊಳಗಿಟ್ಟ.

"ಇಲ್ಲಿ. ಸಾಹೇಬರು ಕರದು ತಂತಿ ಓದಿದ್ರು. ಹಡಗ ನಡು ಸಮುದ್ರದಾಗ ಇತ್ತು, ಇಳದ ಬರತೀನಿ ಅಂದ್ರ ಎಲ್ಲಿ ಇಳೀಲಿ? ಮಂದಿ ಮುಂದ ಅಳಾಕ ನಾಚಿಕಿ ಬಂತು. ಇಲ್ಲಿ ಬಂದು ಬಾಗಲಾ ಹಾಕ್ಕೊಂಡೆ. ಕೈಯಾಗ ಬ್ರಷ್ ಇತ್ತು. ಈ ಗ್ವಾಡಿ ಬಳದೆ. ಬಳದದ್ದನ್ನ ಮತ್ತ ಬಳದೆ. ಡಬ್ಬಿ ತೀರೂ ತನಕಾ ಬಳಕೋತ ಅತ್ತೆ."

"ಊರಿಗೆ ಬಂದಾಗ ಯಾಕ ಹೇಳಲಿಲ್ಲ?"

"ನೀ ಮಾರಿ ತಿರುವಿ ಕುಂತಿದ್ದಿ. ನನ್ನ ಮ್ಯಾಲೆ ಸಿಟ್ಟಾಗಿದ್ದಿ ಅಂತ ತಿಳದೆ. ಹಿರೇರೂ ಆ ಮಾತ ತಗೀಬ್ಯಾಡ ಅಂದ್ರು."

"ಸಿಟ್ಟ ಇತ್ತು," ಎಂದಳು ಸಾವಿತ್ರೆವ್ವ. "ಕೂಸು ನನಗೊಬ್ಬಾಕಿಗಷ್ಟ ಸತ್ತೈತಿ ಅಂತ ತಿಳದಿದ್ದೆ."

ಇಬ್ಬರೂ ಅತ್ತರು. ಅತ್ತು ಹಗುರಾದರು ಎಂದೇ ಹೇಳಬೇಕು, ಯಾಕೆಂದರೆ ಇರುವೆಗಳನ್ನು ಝಾಡಿಸುವಾಗ ಸಾವಿತ್ರೆವ್ವ ಮೆಲ್ಲಗೆ ನಗುತ್ತಿದ್ದಳು. ಒಳಗೆಲ್ಲ ಒರೆಸಿ ಮುಗಿದ ಮೇಲೆ ರೇವಪ್ಪ ಎಡಗೈಯಿಂದ ಹಲಗೆಯನ್ನು ಮೊದಲಿನ ಜಾಗಕ್ಕೆ ತಂದು ಮೊಳೆಯ ಡಬ್ಬಿ ಹುಡುಕಿದ.

"ಮೊಳಿ ಹೊಡೀಬ್ಯಾಡ್ರಿ," ಎಂದಳು ಅವಳು. "ನಂದು ಇನ್ನ ಭಾಳ ಕೇಳೂದೈತಿ."

ರೇವಪ್ಪ ಹಲಗೆಯನ್ನು ಗೋಡೆಗೆ ಆನಿಸಿಟ್ಟ. ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು, ಪಕ್ಕದ ಕೋಣೆಯ ಮೇಲೆ ಬೆರಳಿಟ್ಟು, "ಇಲ್ಲಿ ನಾವು ಮಲಗತಿದ್ದಿವಿ," ಎಂದು ಶುರು ಮಾಡಿದ.